ಹತ್ತು ಸೆಕೆಂಡು ಕಾವು, ಹತ್ತು ಸೆಕೆಂಡು ತಂಪು: ಸಮ್ಮಿಲನ ರಿಯಾಕ್ಟರಿನ ಗೋಡೆ ಎಷ್ಟು ಸುತ್ತು ತಾಳುತ್ತದೆ?

ಮಲೆನಾಡಿಗ

ಫ್ರಾನ್ಸಿನ ಕಾದರಾಶ್‌ನಲ್ಲಿರುವ ವೆಸ್ಟ್ ಟೋಕಾಮಾಕ್ ಎಂಬ ಸಮ್ಮಿಲನ ಸಂಶೋಧನೆಯ ಯಂತ್ರ 2025ರ ಫೆಬ್ರವರಿ 12ರಂದು ಪ್ಲಾಸ್ಮಾವನ್ನು (ಅತಿ ಬಿಸಿಯಾದ, ವಿದ್ಯುದಾವೇಶದ ಅನಿಲವನ್ನು) 1337 ಸೆಕೆಂಡು ಉಳಿಸಿಕೊಂಡಿತು. ಅದಕ್ಕೆ ಮೂರು ವಾರ ಮುಂಚೆ ಚೀನಾದ ಹೆಫೆಯ್ ನಗರದ ಈಸ್ಟ್ ಯಂತ್ರ 1066 ಸೆಕೆಂಡು ತಲುಪಿತ್ತು. ನಾನು ಓದಿದ ವರದಿಗಳಲ್ಲಿ ಪ್ಲಾಸ್ಮಾದ ಉಷ್ಣತೆಗೆ ಸಿಕ್ಕ ಜಾಗ ಅದರ ಎದುರು ನಿಂತ ಗೋಡೆಗೆ ಸಿಕ್ಕಿರಲಿಲ್ಲ.

ನಾನು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. "ಅಷ್ಟು ಬಿಸಿಯಾದದ್ದನ್ನು ಯಾವ ಪಾತ್ರೆಯಲ್ಲಿ ಇಡುತ್ತಾರೆ?" ಎಂದು ಮಕ್ಕಳು ಕೇಳುತ್ತಾರೆ. "ಕಾಂತಕ್ಷೇತ್ರದಲ್ಲಿ" ಎಂದು ಹೇಳಿ ಮುಗಿಸಿದರೆ ಅದು ಅರ್ಧ ಉತ್ತರ. ಹೈಡ್ರೋಜನ್ನಿನ ಭಾರವಾದ ರೂಪಗಳಾದ ಡ್ಯೂಟೀರಿಯಂ ಮತ್ತು ಟ್ರಿಟಿಯಂ ಸೇರಿದಾಗ ಹುಟ್ಟುವ ಶಕ್ತಿಯಲ್ಲಿ ಐದನೆಯ ಒಂದು ಪಾಲು ಆಲ್ಫಾ ಕಣಗಳ ಮೂಲಕ ಪ್ಲಾಸ್ಮಾದೊಳಗೇ ಉಳಿಯುತ್ತದೆ. ಆ ಶಾಖ ಕೊನೆಗೆ ಗೋಡೆಗೇ ಬರಬೇಕು. ಅದರಲ್ಲಿ ದೊಡ್ಡ ಭಾಗ ಯಂತ್ರದ ತಳದಲ್ಲಿರುವ ಡೈವರ್ಟರ್ ಎಂಬ ಭಾಗದ ಮೇಲೆ, ತೀರ ಕಿರಿದಾದ ಪಟ್ಟಿಯಲ್ಲಿ ಬೀಳುತ್ತದೆ.

ಹಲವು ದೇಶಗಳು ಸೇರಿ ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಇಟರ್ ಯಂತ್ರದ ಡೈವರ್ಟರಿಗೆ ನಿಗದಿಯಾದ ಶಾಖದ ಭಾರ ಚದರ ಮೀಟರಿಗೆ 10 ಮೆಗಾವ್ಯಾಟ್, ಕೆಲವೊಮ್ಮೆ ಕೆಲವು ಸೆಕೆಂಡುಗಳ ಕಾಲ 20 ಮೆಗಾವ್ಯಾಟ್. ನಡುಮಧ್ಯಾಹ್ನದ ಬಿಸಿಲು ಚದರ ಮೀಟರಿಗೆ ಸುಮಾರು ಒಂದು ಕಿಲೋವ್ಯಾಟ್ ಕೊಡುತ್ತದೆ. ಇದು ಅದರ ಹತ್ತು ಸಾವಿರ ಪಟ್ಟು, ಇಪ್ಪತ್ತು ಸಾವಿರ ಪಟ್ಟು. ಈ ಭಾಗದ ಮಾದರಿಗಳನ್ನು ಒಪ್ಪಿಕೊಳ್ಳುವ ಮುನ್ನ 10 ಮೆಗಾವ್ಯಾಟ್‌ನಲ್ಲಿ 5000 ಸುತ್ತು, 20ರಲ್ಲಿ 300 ಸುತ್ತು ಕಾಯಿಸಿ ತಣಿಸಿ ನೋಡಿದರು ಎಂದು ಓದಿದೆ. ಈ ಸಂಖ್ಯೆಗಳು ನಿಜವಾಗಿ ಏನನ್ನು ಸಾಬೀತು ಮಾಡುತ್ತವೆ? ಬಲ್ಲವರು ಬಿಡಿಸಿ ಹೇಳಬೇಕು.

ಲೋಹಾಧ್ಯಾಯಿ

ಒಳ್ಳೆಯ ಪ್ರಶ್ನೆ ಸರ್. ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು ಆ ತುಂಡು ಹೇಗಿದೆ ಎಂದು ನೋಡೋಣ. ಅದಕ್ಕೆ ಮಾನೋಬ್ಲಾಕ್ ಎನ್ನುತ್ತಾರೆ. ಇಟರ್‌ನಲ್ಲಿ ಸುಮಾರು 28 ಮಿಲಿಮೀಟರ್ ಅಗಲ, 12 ಮಿಲಿಮೀಟರ್ ದಪ್ಪದ ಟಂಗ್‌ಸ್ಟನ್ ತುಂಡು. ನಡುವೆ ರಂಧ್ರ. ಆ ರಂಧ್ರದ ಒಳಮೈಗೆ ಒಂದು ಮಿಲಿಮೀಟರ್ ಶುದ್ಧ ತಾಮ್ರದ ಪದರ, ಅದರೊಳಗೆ ತಾಮ್ರ–ಕ್ರೋಮಿಯಂ–ಜಿರ್ಕೋನಿಯಂ ಮಿಶ್ರಲೋಹದ ಕೊಳವೆ. ಕೊಳವೆಯ ಒಳವ್ಯಾಸ 12 ಮಿಲಿಮೀಟರ್, ಗೋಡೆ ಒಂದೂವರೆ ಮಿಲಿಮೀಟರ್. ಒಳಗೆ ತಿರುಚಿದ ಲೋಹದ ಪಟ್ಟಿಯೊಂದನ್ನು ಇಟ್ಟಿರುತ್ತಾರೆ. ನೀರು ಸುರುಳಿ ಸುತ್ತುತ್ತ ರಭಸವಾಗಿ ಓಡುತ್ತದೆ. ಹೀಗೆ ಒಂದೇ ಕೊಳವೆಗೆ ಹತ್ತಾರು ಮಾನೋಬ್ಲಾಕ್‌ಗಳನ್ನು, ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟು, ಪೋಣಿಸುತ್ತಾರೆ.

ಟಂಗ್‌ಸ್ಟನ್ನೇ ಯಾಕೆಂದರೆ ಅದು ಕರಗುವುದು 3422 ಡಿಗ್ರಿಯಲ್ಲಿ, ಶಾಖವನ್ನು ಚೆನ್ನಾಗಿ ಸಾಗಿಸುತ್ತದೆ, ಕಣಗಳ ಹೊಡೆತಕ್ಕೆ ಬೇಗ ಸವೆಯುವುದಿಲ್ಲ. ತಾಮ್ರ ಯಾಕೆಂದರೆ ಶಾಖವನ್ನು ನೀರಿಗೆ ಮುಟ್ಟಿಸುವುದರಲ್ಲಿ ಅದಕ್ಕೆ ಸಾಟಿ ಕಡಿಮೆ. ತೊಂದರೆ ಇರುವುದು ಎರಡನ್ನೂ ಒಂದಕ್ಕೊಂದು ಅಂಟಿಸಿದಾಗ. ಒಂದು ಡಿಗ್ರಿ ಏರಿದರೆ ಟಂಗ್‌ಸ್ಟನ್ ಹತ್ತು ಲಕ್ಷದಲ್ಲಿ ನಾಲ್ಕೂವರೆ ಭಾಗ ಹಿಗ್ಗುತ್ತದೆ, ತಾಮ್ರ ಸುಮಾರು 17 ಭಾಗ. 300 ಡಿಗ್ರಿ ಏರಿಕೆಗೆ ಲೆಕ್ಕ ಹಾಕಿದರೆ 28 ಮಿಲಿಮೀಟರ್ ಅಗಲದಲ್ಲಿ ಎರಡರ ನಡುವೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ವ್ಯತ್ಯಾಸ ಬರುತ್ತದೆ. ಅಂಟಿಕೊಂಡಿರುವ ಎರಡು ಲೋಹಗಳಿಗೆ ಅದು ದೊಡ್ಡ ಜಗ್ಗಾಟ. ಆ ಜಗ್ಗಾಟವನ್ನು ನುಂಗಲೆಂದೇ ನಡುವೆ ಮೆತ್ತನೆಯ ಶುದ್ಧ ತಾಮ್ರವನ್ನು ಇಡುತ್ತಾರೆ. ಪ್ರತಿ ಸಲ ಕಾದಾಗ ಅದು ಒಂದು ಕಡೆಗೆ ನಲುಗುತ್ತದೆ, ತಣಿದಾಗ ಇನ್ನೊಂದು ಕಡೆಗೆ ನಲುಗುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ತುಂಡರಿಸುವಾಗ ಆಗುವುದೂ ಇದೇ: ಕೆಲವೇ ಸುತ್ತುಗಳಲ್ಲಿ ಬರುವ ಲೋಹದ ದಣಿವು.

ಪರೀಕ್ಷೆಯಲ್ಲಿ ಪ್ಲಾಸ್ಮಾ ಇರುವುದಿಲ್ಲ. ನಿರ್ವಾತ ಕೋಣೆಯಲ್ಲಿ ಎಲೆಕ್ಟ್ರಾನ್ ಕಿರಣವನ್ನು ಮೇಲ್ಮೈ ಮೇಲೆ ಅತಿ ವೇಗವಾಗಿ ಆಡಿಸಿ, ಇಡೀ ಮೈ ಸಮವಾಗಿ ಕಾಯುವಂತೆ ಮಾಡುತ್ತಾರೆ. ಇಟರ್ ಡೈವರ್ಟರಿನ ಮಾದರಿಗಳಿಗಾಗಿ ಸೇಂಟ್ ಪೀಟರ್ಸ್‌ಬರ್ಗ್‌ನ ಎಫ್ರೆಮೊವ್ ಸಂಸ್ಥೆಯಲ್ಲಿ 800 ಕಿಲೋವ್ಯಾಟ್ ಕಿರಣದ ಕೇಂದ್ರವೇ ಇದೆ. ಜರ್ಮನಿಯ ಯೂಲಿಶ್‌ನಲ್ಲಿ ಜೂಡಿತ್ ಯಂತ್ರಗಳು ಇದೇ ಕೆಲಸಕ್ಕಿವೆ. ಗಾರ್ಶಿಂಗ್‌ನ ಗ್ಲಾಡಿಸ್ ಕೇಂದ್ರದವರು ಎಲೆಕ್ಟ್ರಾನ್ ಬದಲು ಹೈಡ್ರೋಜನ್ ಕಣಗಳ ಕಿರಣವನ್ನು ಬಳಸುತ್ತಾರೆ.

ಕಾವು ಹತ್ತು ಸೆಕೆಂಡು, ವಿರಾಮ ಹತ್ತು ಸೆಕೆಂಡು. ನೀರು ಮಾತ್ರ ನಿಲ್ಲುವುದಿಲ್ಲ. ಇಷ್ಟು ಚಿಕ್ಕ ತುಂಡಿನ ಉಷ್ಣತೆ ಕೆಲವೇ ಸೆಕೆಂಡುಗಳಲ್ಲಿ ಸ್ಥಿರವಾಗುವುದರಿಂದ ಹತ್ತು ಸೆಕೆಂಡು ಸಾಕು. ಆದ್ದರಿಂದ 5000 ಸುತ್ತು ಎಂದರೆ ಒಂದು ಲಕ್ಷ ಸೆಕೆಂಡು, ಸುಮಾರು 28 ಗಂಟೆ. 300 ಸುತ್ತು ಎಂದರೆ ನೂರು ನಿಮಿಷ.

ಬಾಯ್ಲರ್ ಮನೆ

ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ಕೊಳವೆಗಳ ನಿರ್ವಹಣೆ ಮಾಡಿ ನಿವೃತ್ತನಾದವನು ನಾನು. ಮೇಡಂ ಹೇಳಿದ್ದೆಲ್ಲ ಅರ್ಥವಾಯಿತು. ಆದರೆ ಆ 28 ಗಂಟೆಯ ಲೆಕ್ಕದಲ್ಲೇ ನನಗೊಂದು ಆಕ್ಷೇಪವಿದೆ.

ಹತ್ತು ಸೆಕೆಂಡಿನಂತೆ 5000 ಸಲ ಎಂದರೆ ತುಂಡು ಬಿಸಿಯಾಗಿದ್ದ ಒಟ್ಟು ಕಾಲ 14 ಗಂಟೆ ಮಾತ್ರ. ಇಟರ್‌ನ ಒಂದು ಪೂರ್ಣ ಸ್ಪಂದನ, ಅಂದರೆ ಪ್ಲಾಸ್ಮಾ ಒಂದು ಸಲ ಉಳಿಯುವ ಅವಧಿ, 400 ಸೆಕೆಂಡು. ಅಂಥ 5000 ಸ್ಪಂದನ ನಡೆದರೆ 20 ಲಕ್ಷ ಸೆಕೆಂಡು, 555 ಗಂಟೆ. ಸುತ್ತು ಅಷ್ಟೇ, ಬಿಸಿಯಲ್ಲಿ ಕಳೆದ ಹೊತ್ತು ನಲವತ್ತು ಪಟ್ಟು. ಬಾಯ್ಲರಿನಲ್ಲಿ ನಾವು ಕಲಿತ ಮೊದಲ ಪಾಠ ಇದೇ. ಶುರು ಮಾಡುವುದು, ನಿಲ್ಲಿಸುವುದು ಒಂದು ಬಗೆಯ ಪೆಟ್ಟು. ಬಿಸಿಯಲ್ಲಿ ಸುಮ್ಮನೆ ನಿಂತಿರುವುದು ಇನ್ನೊಂದು ಬಗೆಯದು. ಲೋಹ ನಿಧಾನವಾಗಿ ಜಾರಿ ಆಕಾರ ಕೆಡುತ್ತದೆ, ಒಳಗಿನ ಕಣರಚನೆ ಬದಲಾಗುತ್ತದೆ. ಎರಡೂ ಸೇರಿದಾಗ ಆಯುಷ್ಯ ಬಿಡಿಬಿಡಿಯಾಗಿ ಲೆಕ್ಕ ಹಾಕಿದ್ದಕ್ಕಿಂತ ಕಡಿಮೆಯಾಗುತ್ತದೆ. ಸುತ್ತುಗಳನ್ನು ಬೇಗ ಮುಗಿಸಬಹುದು, ಗಂಟೆಗಳನ್ನು ಹಾಗೆ ಮುಗಿಸಲು ಬರುವುದಿಲ್ಲ.

ಇನ್ನೊಂದು ಮಾತು. 1954ರಲ್ಲಿ ಕಾಮೆಟ್ ವಿಮಾನಗಳು ಬಿದ್ದಾಗ ಫಾರ್ನ್‌ಬರೋದಲ್ಲಿ ಇಡೀ ವಿಮಾನದ ಒಡಲನ್ನು ನೀರಿನ ತೊಟ್ಟಿಯಲ್ಲಿಟ್ಟು ಒತ್ತಡ ಏರಿಸಿ ಇಳಿಸಿ ನೋಡಿದರು. ಅಲ್ಲಿ ಬಿರುಕು ಸಿಕ್ಕಿತು. ತಯಾರಿಕೆಯ ಹಂತದಲ್ಲೂ ದಣಿವು ಪರೀಕ್ಷೆ ಆಗಿತ್ತು, ಮಾದರಿ ಪಾಸಾಗಿತ್ತು. ಆದರೆ ಆ ಮಾದರಿಗೆ ಮೊದಲೇ ಹೆಚ್ಚಿನ ಒತ್ತಡ ಕೊಟ್ಟಿದ್ದರಿಂದ ಕಿಟಕಿ ಮೂಲೆಗಳ ಲೋಹ ಗಟ್ಟಿಯಾಗಿ, ಅದರ ಆಯುಷ್ಯ ಕೃತಕವಾಗಿ ಹೆಚ್ಚಿತ್ತು. ಪರೀಕ್ಷೆಗೆ ಇಟ್ಟ ತುಂಡಿನ ಪೂರ್ವಚರಿತ್ರೆ ಬಳಕೆಗೆ ಹೋಗುವ ತುಂಡಿನ ಚರಿತ್ರೆಯಂತೆಯೇ ಇರಬೇಕು. ಇಲ್ಲಿ ಅದನ್ನು ಹೇಗೆ ನೋಡಿಕೊಳ್ಳುತ್ತಾರೆ?

ಸಬರಮತಿ ಕನ್ನಡಿಗ

ಬಾಯ್ಲರ್ ಮನೆಯವರ ಪ್ರಶ್ನೆಗೆ ಲೋಹಾಧ್ಯಾಯಿ ಮೇಡಂ ಉತ್ತರಿಸಲಿ. ಅದಕ್ಕೂ ಮೊದಲು ಅಳತೆಯ ವಿಚಾರ ಹೇಳುತ್ತೇನೆ, ಯಾಕೆಂದರೆ "10 ಮೆಗಾವ್ಯಾಟ್" ಎಂಬ ಸಂಖ್ಯೆಯನ್ನೇ ಎಲ್ಲರೂ ಪ್ರಶ್ನಿಸದೆ ಒಪ್ಪಿಬಿಡುತ್ತಾರೆ.

ಎಲೆಕ್ಟ್ರಾನ್ ಕಿರಣ ಟಂಗ್‌ಸ್ಟನ್‌ಗೆ ಬಡಿದಾಗ ಹೆಚ್ಚುಕಡಿಮೆ ಅರ್ಧದಷ್ಟು ಎಲೆಕ್ಟ್ರಾನ್‌ಗಳು ಹಿಂದಕ್ಕೆ ಪುಟಿಯುತ್ತವೆ. ಗನ್ ಎಷ್ಟು ಶಕ್ತಿ ಕೊಟ್ಟಿತು ಎಂಬುದರಿಂದ ತುಂಡು ಎಷ್ಟು ಹೀರಿತು ಎಂದು ಹೇಳಲಾಗದು. ಹೀರಿದ್ದನ್ನು ತಿಳಿಯಲು ನೀರಿನ ಲೆಕ್ಕವೇ ದಾರಿ: ಎಷ್ಟು ನೀರು ಹರಿಯಿತು, ಒಳಹೋದಾಗ ಎಷ್ಟು ಬಿಸಿ, ಹೊರಬಂದಾಗ ಎಷ್ಟು ಬಿಸಿ. ಉದಾಹರಣೆಗೆ 28 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಉದ್ದದ ಮೈ ಎಂದರೆ 14 ಚದರ ಸೆಂಟಿಮೀಟರ್. 10 ಮೆಗಾವ್ಯಾಟ್ ಭಾರದಲ್ಲಿ ಅದು ಹೀರುವುದು 14 ಕಿಲೋವ್ಯಾಟ್. ಸೆಕೆಂಡಿಗೆ ಒಂದು ಕಿಲೋಗ್ರಾಂ ನೀರು ಹರಿದರೆ ಅದರ ಉಷ್ಣತೆ ಏರುವುದು ಮೂರೂಕಾಲು ಡಿಗ್ರಿಯ ಆಸುಪಾಸು ಮಾತ್ರ. ಉಷ್ಣಮಾಪಕ ಅರ್ಧ ಡಿಗ್ರಿ ತಪ್ಪಿದರೆ ಶಾಖದ ಲೆಕ್ಕ ನೂರಕ್ಕೆ 15ರಷ್ಟು ತಪ್ಪುತ್ತದೆ.

ದಣಿವಿನಲ್ಲಿ ಆ 15 ಚಿಕ್ಕದಲ್ಲ. ಕಾಫಿನ್–ಮ್ಯಾನ್ಸನ್ ನಿಯಮದಂತೆ ಲೋಹ ಶಾಶ್ವತವಾಗಿ ನಲುಗುವ ಪ್ರಮಾಣ ಹೆಚ್ಚಾದಂತೆ ತಾಳುವ ಸುತ್ತುಗಳು ಸುಮಾರಾಗಿ ಅದರ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತವೆ. ನಲುಗುವಿಕೆ ಶೇಕಡಾ 15 ಹೆಚ್ಚಿದರೆ ಆಯುಷ್ಯದಲ್ಲಿ ಕಾಲು ಭಾಗ ಹೋಯಿತು. ಮೇಲ್ಮೈ ಉಷ್ಣತೆಯನ್ನು ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ನೋಡುತ್ತಾರೆ ನಿಜ. ಆದರೆ ಹೊಳೆಯುವ ಟಂಗ್‌ಸ್ಟನ್ ಬಿಸಿಗೆ ತಕ್ಕಷ್ಟು ಕಿರಣ ಸೂಸುವುದಿಲ್ಲ, ಮೈ ಒರಟಾದಂತೆ ಸೂಸುವ ಪ್ರಮಾಣವೂ ಬದಲಾಗುತ್ತದೆ. ತುಂಡು ಬಿಸಿಯಾಗುತ್ತಿದೆಯೋ ಅಥವಾ ಮೈ ಮಾತ್ರ ಒರಟಾಯಿತೋ ಎಂದು ಬೇರ್ಪಡಿಸಲು ಬಲ್ಲವರೇ ಬೇಕು.

ನಮ್ಮಲ್ಲೂ ಈ ಕೆಲಸ ಇದೆ. ಗಾಂಧಿನಗರದ ಪಕ್ಕದ ಭಾಟ್ ಗ್ರಾಮದಲ್ಲಿರುವ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ 200 ಕಿಲೋವ್ಯಾಟ್ ಎಲೆಕ್ಟ್ರಾನ್ ಕಿರಣದ ಪರೀಕ್ಷಾ ಕೇಂದ್ರವಿದೆ. ಆದಿತ್ಯ ಮತ್ತು ಎಸ್‌ಎಸ್‌ಟಿ–1 ಟೋಕಾಮಾಕ್‌ಗಳು ಇರುವುದೂ ಅದೇ ಆವರಣದಲ್ಲಿ. ಇಟರ್‌ಗೆ ಭಾರತ ಕೊಟ್ಟ ಕ್ರಯೋಸ್ಟಾಟ್ (ಇಡೀ ಯಂತ್ರವನ್ನು ಸುತ್ತುವರಿದ ದೈತ್ಯ ನಿರ್ವಾತ ಪಾತ್ರೆ) ಬಗ್ಗೆ ಹೆಮ್ಮೆಯಿಂದ ಬರೆಯುವವರು ಈ ಸಣ್ಣ ತುಂಡುಗಳ ಕೆಲಸವನ್ನೂ ಬರೆಯಬೇಕು ಎಂಬುದು ನನ್ನ ಆಸೆ. ಮುಂದೆ ನಮ್ಮದೇ ಯಂತ್ರ ಕಟ್ಟುವಾಗ ಬೇಕಾಗುವ ಕೈಕಸುಬು ಇದು.

ಲೋಹಾಧ್ಯಾಯಿ

ಬಾಯ್ಲರ್ ಮನೆ ಸರ್, ಸುತ್ತಿಗೂ ಗಂಟೆಗೂ ನೀವು ತೋರಿಸಿದ ವ್ಯತ್ಯಾಸ ನಿಜ. ಅದನ್ನು ಮೂರು ಕಡೆ ಬೇರೆಬೇರೆಯಾಗಿ ನೋಡಬೇಕು.

ಕೊಳವೆಯ ಮಿಶ್ರಲೋಹವನ್ನು ಸುಮಾರು 350 ಡಿಗ್ರಿ ದಾಟದಂತೆ ಇಡಲು ವಿನ್ಯಾಸಕಾರರು ಹೆಣಗುವುದೇ ನೀವು ಹೇಳಿದ ಕಾರಣಕ್ಕೆ. ಅದರ ಮೇಲೆ ಹೋದರೆ ಲೋಹ ಮೆತ್ತಗಾಗುತ್ತದೆ, ಜಾರುತ್ತದೆ. ನಡುವಿನ ಶುದ್ಧ ತಾಮ್ರ ಮೊದಲೇ ಮೆತ್ತನೆಯದು, ಅದರ ಕೆಲಸವೇ ನಲುಗುವುದು. ಟಂಗ್‌ಸ್ಟನ್ ಮೇಲ್ಮೈಯದೇ ದೊಡ್ಡ ಪ್ರಶ್ನೆ. 10 ಮೆಗಾವ್ಯಾಟ್‌ನಲ್ಲಿ ಮೇಲ್ಮೈ ಸುಮಾರು 1000 ಡಿಗ್ರಿ, 20ರಲ್ಲಿ ಸುಮಾರು 2000. ಕಾರ್ಖಾನೆಯಲ್ಲಿ ಉರುಳಿಸಿ ಬಲ ಕೊಟ್ಟ ಟಂಗ್‌ಸ್ಟನ್, 1200–1300 ಡಿಗ್ರಿ ಮೇಲೆ ಹೊತ್ತು ಕಳೆದಂತೆ ಹೊಸ ದೊಡ್ಡ ಕಣಗಳಾಗಿ ಮರುಜೋಡಣೆಯಾಗಿ ಆ ಬಲವನ್ನು ಕಳೆದುಕೊಳ್ಳುತ್ತದೆ. ಎಷ್ಟು ಬಿಸಿ ಎಂಬುದರಷ್ಟೇ ಎಷ್ಟು ಹೊತ್ತು ಎಂಬುದೂ ಇಲ್ಲಿ ಮುಖ್ಯ. ಆದ್ದರಿಂದ ಕೆಲವು ಪರೀಕ್ಷೆಗಳಲ್ಲಿ ತುಂಡನ್ನು ಮೊದಲೇ ಕುಲುಮೆಯಲ್ಲಿಟ್ಟು ಪೂರ್ತಿ ಮರುಜೋಡಣೆ ಮಾಡಿಸಿ, ಆಮೇಲೆ ಕಿರಣದ ಕೆಳಗೆ ಇಡುತ್ತಾರೆ. ಗಂಟೆಗಳ ಹಾನಿಯನ್ನು ಮುಂಚೆಯೇ ತುಂಬಿಸಿ ಸುತ್ತು ಶುರು ಮಾಡುವ ವಿಧಾನ ಇದು.

ಕಾಮೆಟ್ ಉದಾಹರಣೆ ನೇರವಾಗಿ ತಾಗುತ್ತದೆ. ಒಳ್ಳೆಯ ಕುಶಲಕರ್ಮಿ ಮಾಡಿದ ಐದಾರು ಮಾದರಿ ಪಾಸಾದರೆ ಸಾವಿರಗಟ್ಟಲೆ ತುಂಡು ಪಾಸಾದಂತಲ್ಲ. ಹಾಗಾಗಿ ತಯಾರಾದ ಕೊಳವೆಯೊಳಗೆ ಅಲ್ಟ್ರಾಸೌಂಡ್ ಶೋಧಕ ತೂರಿಸಿ ಬೆಸುಗೆಯನ್ನು ನೋಡುತ್ತಾರೆ. ಕಾದರಾಶ್‌ನ ಸಾಟಿರ್ ಎಂಬ ವ್ಯವಸ್ಥೆಯಲ್ಲಿ ಇನ್ನೂ ಸರಳ ಉಪಾಯವಿದೆ. ಕೊಳವೆಯಲ್ಲಿ ಬಿಸಿನೀರು ಹರಿಸುತ್ತಿದ್ದು ಥಟ್ಟನೆ ತಣ್ಣೀರಿಗೆ ಬದಲಿಸುತ್ತಾರೆ. ಬೆಸುಗೆ ಬಿಟ್ಟ ತುಂಡಿನ ಮೇಲ್ಮೈ ಪಕ್ಕದ್ದಕ್ಕಿಂತ ತಡವಾಗಿ ತಣಿಯುತ್ತದೆ, ಕ್ಯಾಮೆರಾದಲ್ಲಿ ಕಾಣುತ್ತದೆ.

ಈಗ ಇಲ್ಲಿಯವರೆಗೆ ಯಾರೂ ಕೇಳದ ವಿಷಯ. 20 ಮೆಗಾವ್ಯಾಟ್‌ನಲ್ಲಿ ಕೆಲವು ನೂರು ಸುತ್ತು ಮುಗಿದಾಗ ಹಲವು ತುಂಡುಗಳ ನಡುಭಾಗದಲ್ಲೇ ಮೇಲಿನಿಂದ ಕೆಳಗೆ ಆಳವಾದ ಬಿರುಕು ಬಂದಿತ್ತು. ಆದರೂ ಅವು ಪಾಸಾದವು.

ಬಾಯ್ಲರ್ ಮನೆ

ಇದನ್ನು ನಾನು ಸುಲಭವಾಗಿ ಒಪ್ಪಲಾರೆ. ಬಿರುಕು ಕಂಡ ಕೊಳವೆಯನ್ನು ನಾವು ಕತ್ತರಿಸಿ ತೆಗೆಯುತ್ತಿದ್ದೆವು. ಬಿರುಕು ಬಿಟ್ಟದ್ದನ್ನು ಪಾಸು ಮಾಡುವ ಪರೀಕ್ಷೆಗೆ ಪರೀಕ್ಷೆ ಎನ್ನುವುದು ಹೇಗೆ?

ಲೋಹಾಧ್ಯಾಯಿ

ಬಿರುಕು ಬಂದದ್ದು ಕೊಳವೆಯಲ್ಲಲ್ಲ ಸರ್, ಟಂಗ್‌ಸ್ಟನ್‌ನಲ್ಲಿ. ಅದರ ಕಾರಣ ನೋಡಿ. ಮೇಲ್ಮೈ ಬಿಸಿಯಾದಾಗ ಹಿಗ್ಗಲು ಹೋಗುತ್ತದೆ, ಕೆಳಗಿನ ತಣ್ಣನೆಯ ಭಾಗ ಬಿಡುವುದಿಲ್ಲ. ಮೇಲಿನ ಪದರ ಅದುಮಿಸಿಕೊಂಡು ಶಾಶ್ವತವಾಗಿ ಕುಗ್ಗುತ್ತದೆ. ಕಿರಣ ನಿಂತು ತಣಿದಾಗ ಆ ಕುಗ್ಗಿದ ಪದರವೇ ಎಳೆತಕ್ಕೆ ಸಿಲುಕುತ್ತದೆ. ಟಂಗ್‌ಸ್ಟನ್ 200–400 ಡಿಗ್ರಿ ಕೆಳಗೆ ಬಾಗದೆ ಮುರಿಯುವ ಲೋಹ. ಮರುಜೋಡಣೆಯಿಂದ ಬಲ ಕಳೆದುಕೊಂಡ ಮೇಲ್ಮೈಯಲ್ಲಿ ಈ ಹಿಗ್ಗುವ ಕುಗ್ಗುವ ಕ್ರಿಯೆ ನೂರಾರು ಸಲ ನಡೆದಾಗ ಬಿರುಕು ಹುಟ್ಟುತ್ತದೆ, ತಣಿಯುವ ಹೊತ್ತಿನಲ್ಲಿ ಆಳಕ್ಕೆ ಇಳಿಯುತ್ತದೆ.

ಆದರೆ ಆ ಬಿರುಕು ನಿಂತಿರುವುದು ಶಾಖ ಹರಿಯುವ ದಿಕ್ಕಿನಲ್ಲೇ. ಶಾಖ ಮೇಲಿಂದ ಕೆಳಕ್ಕೆ ಇಳಿಯುತ್ತದೆ, ಬಿರುಕೂ ಮೇಲಿಂದ ಕೆಳಕ್ಕೆ. ಅದು ಹರಿವನ್ನು ಅಡ್ಡಗಟ್ಟುವುದಿಲ್ಲ. ಮೆತ್ತನೆಯ ತಾಮ್ರದ ಬಳಿ ಬಂದಾಗ ಬಿರುಕಿನ ತುದಿ ಮೊಂಡಾಗಿ ಸಾಮಾನ್ಯವಾಗಿ ಅಲ್ಲೇ ನಿಲ್ಲುತ್ತದೆ. ನೀರಿನ ಒತ್ತಡ ಹೊತ್ತಿರುವುದು ಕೊಳವೆ ಮಾತ್ರ. ಇದಕ್ಕೆ ವ್ಯತಿರಿಕ್ತವಾಗಿ ಟಂಗ್‌ಸ್ಟನ್ ಮತ್ತು ತಾಮ್ರದ ನಡುವೆ ಅಡ್ಡಲಾಗಿ ಒಂದೆರಡು ಮಿಲಿಮೀಟರ್ ಬಿಟ್ಟುಕೊಂಡರೂ ಶಾಖಕ್ಕೆ ದಾರಿ ಮುಚ್ಚುತ್ತದೆ. ಮೇಲ್ಮೈ ಕರಗಬಹುದು, ಶಾಖ ಪಕ್ಕಕ್ಕೆ ಸರಿದು ಕೊಳವೆಯ ಒಂದೇ ಜಾಗದಲ್ಲಿ ಸೇರಬಹುದು. ಅಲ್ಲಿ ಮಿತಿ ಮೀರಿದರೆ ನೀರಿಗೂ ಲೋಹಕ್ಕೂ ನಡುವೆ ಆವಿಯ ಪೊರೆ ಏಳುತ್ತದೆ. ಚೆನ್ನಾಗಿ ಕಾದ ದೋಸೆ ಹೆಂಚಿನ ಮೇಲೆ ನೀರಿನ ಹನಿ ಆರದೆ ಉರುಳಾಡುವಂತೆ, ನೀರು ಪಕ್ಕದಲ್ಲೇ ಇದ್ದೂ ಶಾಖ ತೆಗೆದುಕೊಳ್ಳುವುದಿಲ್ಲ. ಕ್ಷಣಗಳಲ್ಲಿ ಕೊಳವೆ ಕರಗಿ ತೂತಾಗುತ್ತದೆ.

ಆದ್ದರಿಂದ ಪಾಸಾಗುವ ಅಳತೆಗೋಲು ಬಿರುಕಲ್ಲ. ಮೊದಲ ಸುತ್ತಿನಲ್ಲಿ ಎಷ್ಟು ಶಾಖ ನೀರಿಗೆ ಮುಟ್ಟುತ್ತಿತ್ತೋ ಕೊನೆಯ ಸುತ್ತಿನಲ್ಲೂ ಅಷ್ಟೇ ಮುಟ್ಟುತ್ತಿದೆಯೇ, ನೀರು ಸೋರಿಲ್ಲವೇ ಎಂಬುದು.

ಬಾಯ್ಲರ್ ಮನೆ

ದಿಕ್ಕಿನ ವಿಷಯ ಸ್ಪಷ್ಟವಾಯಿತು. ವಾದವನ್ನು ಒಪ್ಪುತ್ತೇನೆ, ಆದರೆ ಒಂದು ಷರತ್ತಿನ ಮೇಲೆ. ಬಿರುಕು ಬಿಟ್ಟ ತುಂಡಿನ ಎರಡು ಅಂಚುಗಳು ಒಂದೇ ಎತ್ತರದಲ್ಲಿ ಇರುತ್ತವೆ ಎಂಬ ಖಾತ್ರಿ ಬೇಕು. ನಿಜವಾದ ಯಂತ್ರದಲ್ಲಿ ಕಣಗಳು ಮೇಲ್ಮೈಯನ್ನು ಓರೆಯಾಗಿ ಸವರಿಕೊಂಡು ಬರುತ್ತವೆ ಎಂದು ಓದಿದ್ದೇನೆ. ಮೇಲೆದ್ದ ಅಂಚಿಗೆ ಆಗ ನೇರ ಪೆಟ್ಟು ಬೀಳುತ್ತದೆಯಲ್ಲವೇ?

ಲೋಹಾಧ್ಯಾಯಿ

ಖಂಡಿತ ಬೀಳುತ್ತದೆ. ಇಟರ್ ಮಾನೋಬ್ಲಾಕ್‌ಗಳ ಮೇಲ್ಮೈಯನ್ನು ಅರ್ಧ ಮಿಲಿಮೀಟರಿನಷ್ಟು ಇಳಿಜಾರು ಮಾಡಿ, ಒಂದರ ಅಂಚನ್ನು ಪಕ್ಕದ್ದರ ನೆರಳಿನಲ್ಲಿ ಅಡಗಿಸಿರುವುದು ಇದಕ್ಕೇ. ಎಲೆಕ್ಟ್ರಾನ್ ಕಿರಣ ಈ ಓರೆ ಹೊಡೆತವನ್ನು ತೋರಿಸುವುದಿಲ್ಲ. ಅದಕ್ಕೆ ಟೋಕಾಮಾಕೇ ಬೇಕು. ಮಲೆನಾಡಿಗ ಸರ್ ಮೊದಲಿಗೆ ಹೇಳಿದ ವೆಸ್ಟ್ ಯಂತ್ರದ ಮಹತ್ವ ಇರುವುದು ಇಲ್ಲಿ: ಅದರ ಕೆಳ ಡೈವರ್ಟರಿನಲ್ಲಿ ಇಟರ್ ಮಾದರಿಯ 456 ಘಟಕಗಳಿವೆ. ನನ್ನ ದೃಷ್ಟಿಯಲ್ಲಿ 1337 ಸೆಕೆಂಡಿನ ದಾಖಲೆಗಿಂತ, ಆ ಘಟಕಗಳ ಅಂಚುಗಳನ್ನು ಬಿಚ್ಚಿ ನೋಡಿ ಬರೆಯುವ ವರದಿ ಹೆಚ್ಚು ಬೆಲೆಯದು.

ಮಲೆನಾಡಿಗ

ಪ್ಲಾಸ್ಮಾದ ಅಂಚಿನಿಂದ ಆಗಾಗ ಸಿಡಿಯುವ ಆ ಪುಟ್ಟ ಸ್ಫೋಟಗಳು? ಅವನ್ನು ಈ ಹತ್ತು ಸೆಕೆಂಡಿನ ಸುತ್ತು ಒಳಗೊಳ್ಳುವುದಿಲ್ಲ ಅಲ್ಲವೇ?

ಲೋಹಾಧ್ಯಾಯಿ

ಇಲ್ಲ. ಅದು ಬೇರೆಯೇ ದಣಿವು. ಪ್ರತಿ ಸಿಡಿತ ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ಶಾಖ ಕೆಳಗಿಳಿಯುವ ಮೊದಲೇ ಮುಗಿದುಹೋಗುತ್ತದೆ, ತೆಳು ಮೇಲ್ಪದರ ಮಾತ್ರ ಹೊಡೆತ ತಿನ್ನುತ್ತದೆ. ಯೂಲಿಶ್‌ನಲ್ಲಿ ಇಂಥ ಹೊಡೆತಗಳನ್ನು ಹತ್ತು ಲಕ್ಷದವರೆಗೆ ಕೊಟ್ಟು ನೋಡಿದ್ದಾರೆ. ಒಂದು ನೂರು ಹೊಡೆತಕ್ಕೆ ಏನೂ ಆಗದ ಮೈ, ಅದೇ ಬಲದ ಲಕ್ಷ ಹೊಡೆತಗಳ ನಂತರ ಒರಟಾಗಿ ಬಿರುಕಿನ ಬಲೆಯಾಗಿತ್ತು.

ಲೆಕ್ಕದ ಪುಸ್ತಕ

ಇಷ್ಟೆಲ್ಲ ಪರೀಕ್ಷೆ ಮುಗಿದ ಮೇಲೆ ಇಟರ್‌ನವರು 2023ರಲ್ಲಿ ಮುಖ್ಯ ಗೋಡೆಗೆ ಬೆರಿಲಿಯಂ ಬದಲು ಟಂಗ್‌ಸ್ಟನ್ ಹಾಕುವ ಪ್ರಸ್ತಾಪ ಮುಂದಿಟ್ಟರು. ಬೆರಿಲಿಯಂ ಬೆಸುಗೆಯ ಮೇಲೆ ವರ್ಷಗಟ್ಟಲೆ ಮಾಡಿದ ದಣಿವು ಪರೀಕ್ಷೆಗಳ ಖರ್ಚು ಏನಾಯಿತು?

ಸಬರಮತಿ ಕನ್ನಡಿಗ

ಬೆರಿಲಿಯಂ ಬೆಸುಗೆಯ ಅಂಕಿಗಳು ಟಂಗ್‌ಸ್ಟನ್ ಬೆಸುಗೆಗೆ ಹೊಂದುವುದಿಲ್ಲ, ಅದು ಸತ್ಯ. ಅದರ ಹಿಂದಿನ ತಾಮ್ರ–ಉಕ್ಕಿನ ಭಾಗದ ಅನುಭವ ಉಳಿಯುತ್ತದೆ. ಬೆರಿಲಿಯಂ 1287 ಡಿಗ್ರಿಗೇ ಕರಗುತ್ತದೆ, ಅದರ ಧೂಳು ಉಸಿರಾಟಕ್ಕೆ ವಿಷ. ತಡವಾದರೂ ಈ ಬದಲಾವಣೆ ಸರಿಯಾದದ್ದೆಂದೇ ನನ್ನ ಅಭಿಪ್ರಾಯ.

ಬಾಯ್ಲರ್ ಮನೆ

ನನ್ನ ಕೊನೆಯ ಆಕ್ಷೇಪ ಸಮ್ಮಿಲನದಲ್ಲಿ ಹೊರಚಿಮ್ಮುವ ನ್ಯೂಟ್ರಾನ್. ಸುತ್ತು ಮತ್ತು ಗಂಟೆಯಲ್ಲದೆ ಮೂರನೆಯ ಮುಪ್ಪು ಅದು. ಈ ಪರೀಕ್ಷೆಗಳಲ್ಲಿ ಅದು ಎಲ್ಲಿದೆ?

ಲೋಹಾಧ್ಯಾಯಿ

ಬಹುಪಾಲು ಪರೀಕ್ಷೆಗಳಲ್ಲಿ ಇಲ್ಲ ಸರ್. 14.1 ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ನ್ಯೂಟ್ರಾನ್‌ಗಳು ಟಂಗ್‌ಸ್ಟನ್‌ನ ಪರಮಾಣುಗಳನ್ನು ಸ್ಥಾನಪಲ್ಲಟ ಮಾಡುತ್ತವೆ, ಸ್ವಲ್ಪಸ್ವಲ್ಪವಾಗಿ ಅದನ್ನು ರೀನಿಯಂ ಮತ್ತು ಆಸ್ಮಿಯಂ ಆಗಿ ಬದಲಿಸುತ್ತವೆ. ಶಾಖ ಸಾಗಿಸುವ ಗುಣ ಕುಗ್ಗುತ್ತದೆ, ಬಾಗದೆ ಮುರಿಯುವ ಉಷ್ಣತೆಯ ಮಿತಿ ಮೇಲೇರುತ್ತದೆ. ಅಂದರೆ ಅದೇ 10 ಮೆಗಾವ್ಯಾಟ್ ಭಾರ ಹೆಚ್ಚು ಬಿಸಿಯನ್ನು ಉಂಟುಮಾಡುತ್ತದೆ, ತಣಿಯುವಾಗ ಮುರಿಯುವ ಅಪಾಯವೂ ಹೆಚ್ಚುತ್ತದೆ. ಪರಮಾಣು ಬೀಜವನ್ನು ಒಡೆಯುವ ವಿದಳನ ರಿಯಾಕ್ಟರುಗಳಲ್ಲಿ ಇಟ್ಟು ತೆಗೆದ ತುಂಡುಗಳನ್ನು ಯೂಲಿಶ್‌ನ ವಿಕಿರಣ ರಕ್ಷಿತ ಕೋಣೆಯೊಳಗಿನ ಜೂಡಿತ್ ಯಂತ್ರದಲ್ಲಿ ಕಾಯಿಸಿ ನೋಡಿದ್ದಾರೆ. ಆದರೆ ವಿದಳನದ ನ್ಯೂಟ್ರಾನ್‌ಗಳ ಶಕ್ತಿ ಕಡಿಮೆ. ಸಮ್ಮಿಲನದಷ್ಟೇ ಬಲದ ನ್ಯೂಟ್ರಾನ್‌ಗಳನ್ನು ಕೊಡಲೆಂದೇ ಸ್ಪೇನಿನ ಗ್ರನಾಡಾ ಬಳಿ ಇಫ್ಮಿಫ್–ಡೋನ್ಸ್ ಎಂಬ ಕೇಂದ್ರವನ್ನು ಕಟ್ಟುತ್ತಿದ್ದಾರೆ. ಇಟರ್‌ನಲ್ಲಿ ನ್ಯೂಟ್ರಾನ್ ಪ್ರಮಾಣ ಮಿತವಾದದ್ದು, ತಲಾ ಹತ್ತು ಟನ್ ತೂಕದ 54 ಡೈವರ್ಟರ್ ಕ್ಯಾಸೆಟ್‌ಗಳನ್ನು ಯಂತ್ರದ ಕೈಗಳಿಂದ ಬದಲಿಸಲೂ ಬಹುದು. ವಿದ್ಯುತ್ ಮಾರುವ ರಿಯಾಕ್ಟರಿಗೆ ಅಷ್ಟು ಸಾಲದು. 5000 ಸುತ್ತಿನ ಸಂಖ್ಯೆಯನ್ನು ಅಲ್ಲಿಗೆ ಎಳೆದು ತರುವವರನ್ನು ನಾನು ಒಪ್ಪುವುದಿಲ್ಲ.

ದಾವಣಗೆರೆ ಎಂಟೆಕ್

ನಮಸ್ಕಾರ. ಈ ಚರ್ಚೆ ಓದಿದ ಮೇಲೆ ಇದನ್ನೇ ಪ್ರಾಜೆಕ್ಟ್ ಮಾಡಬೇಕೆನಿಸಿದೆ. ನಮ್ಮ ಕಾಲೇಜಿನಲ್ಲಿ ಎಲೆಕ್ಟ್ರಾನ್ ಕಿರಣ ಇಲ್ಲ. ಇಂಡಕ್ಷನ್ ಕಾಯಿಸುವ ಯಂತ್ರ, ಇನ್‌ಫ್ರಾರೆಡ್ ಕ್ಯಾಮೆರಾ, ಬೆಸುಗೆ ಕುಲುಮೆ ಇವೆ. ಏನಾದರೂ ಅರ್ಥಪೂರ್ಣವಾದದ್ದು ಸಾಧ್ಯವೇ ಸರ್, ಮೇಡಂ?

ಸಬರಮತಿ ಕನ್ನಡಿಗ

ಸಾಧ್ಯ ತಂಗಿ. ಬ್ರಿಟನ್ನಿನ ಕಲ್ಹಮ್‌ನಲ್ಲಿರುವ ಹೈವ್ ಎಂಬ ಪರೀಕ್ಷಾ ಯಂತ್ರ ಕೆಲಸ ಮಾಡುವುದೂ ಇಂಡಕ್ಷನ್ ಕಾವಿನಿಂದಲೇ. 20 ಮೆಗಾವ್ಯಾಟ್‌ನ ಆಸೆ ಬಿಡು. ತಾಮ್ರದ ಕೊಳವೆಗೆ ಉಕ್ಕಿನ ತುಂಡುಗಳನ್ನು ಬೆಸೆ, ಕೆಲವು ತುಂಡುಗಳಲ್ಲಿ ಗೊತ್ತಿರುವ ಅಳತೆಯ ಜಾಗವನ್ನು ಬೇಕೆಂದೇ ಬೆಸೆಯದೆ ಬಿಡು. ಕಾಯಿಸಿ ತಣಿಸುವ ಸುತ್ತುಗಳ ನಡುನಡುವೆ ನಿಲ್ಲಿಸಿ, ಮೇಡಂ ಹೇಳಿದ ಬಿಸಿನೀರು–ತಣ್ಣೀರು ವಿಧಾನದಲ್ಲಿ ಪ್ರತಿ ತುಂಡು ತಣಿಯುವ ವಿಳಂಬವನ್ನು ಅಳೆ. ಬೆಸೆಯದ ಜಾಗ ಸುತ್ತುಗಳೊಂದಿಗೆ ಬೆಳೆಯುತ್ತದೆಯೇ ಎಂಬುದು ನಿನ್ನ ಪ್ರಶ್ನೆ. ಕೊನೆಯಲ್ಲಿ ತುಂಡನ್ನು ಕೊಯ್ದು, ಉಜ್ಜಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಹೋಲಿಸು.

ಲೋಹಾಧ್ಯಾಯಿ

ಎರಡು ಮಾತು ಸೇರಿಸುತ್ತೇನೆ. ಬಿಸಿನೀರಿನ ಪರೀಕ್ಷೆಗೆ ಮೊದಲು ಮೇಲ್ಮೈಗೆ ಮಾಸಲು ಕಪ್ಪು ಬಣ್ಣ ಬಳಿ, ಇಲ್ಲವಾದರೆ ಹೊಳೆಯುವ ಲೋಹದಲ್ಲಿ ಕ್ಯಾಮೆರಾ ಕೋಣೆಯ ಪ್ರತಿಬಿಂಬವನ್ನೇ ಅಳೆಯುತ್ತದೆ. ಕಾಯಿಸುವ ಸುತ್ತಿನಲ್ಲಿ ಆ ಬಣ್ಣ ಸುಟ್ಟುಹೋಗುತ್ತದೆ. ಪ್ರತಿ ಅಳತೆಗೂ ಹೊಸದಾಗಿ ಬಳಿಯಬೇಕು. ಕಾಯಿಸುವಾಗ ಉಷ್ಣತೆ ತಿಳಿಯಲು ತುಂಡಿನೊಳಗೆ ಥರ್ಮೋಕಪಲ್ ಇಡು, ಆದರೆ ಇಂಡಕ್ಷನ್ ಸುರುಳಿ ಅದರ ಸಂಕೇತವನ್ನು ಕೆಡಿಸುವುದರಿಂದ ಕಾವು ನಿಂತ ಕ್ಷಣದ ಓದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೋ. ನೀರಿನ ಒಳ ಮತ್ತು ಹೊರ ಉಷ್ಣಮಾಪಕಗಳನ್ನು ಒಂದೇ ಪಾತ್ರೆಯ ನೀರಿನಲ್ಲಿಟ್ಟು ಎರಡೂ ಒಂದೇ ಅಂಕಿ ತೋರಿಸುತ್ತವೆಯೇ ಎಂದು ಪ್ರತಿದಿನ ಶುರುವಿಗೆ ಮುನ್ನ ನೋಡಿ ಬರೆದಿಡು.